ಕೆಲಸವಿಲ್ಲದವನ ಶಾ ನಾ ನಾ

ಜೇಬಿನಲ್ಲಿ ಕಾಸಿಲ್ಲದ ಹುಡುಗರಿಗೆ ಹಾಡುವ ಆಸೆ ಹುಟ್ಟಿದರೆ ವಾದ್ಯದ ಕೆಲಸವೂ ಗಂಟಲಿನ ಪಾಲಿಗೇ ಬರುತ್ತದೆ. ನ್ಯೂಯಾರ್ಕ್, ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್‌ಗಳ ಕಪ್ಪು ಜನರ ಕೇರಿಗಳಲ್ಲಿ ಡೂ-ವಾಪ್ ಎಂಬ ಹಾಡುಗಾರಿಕೆ ಬೆಳೆದದ್ದು ಹಾಗೆ. ಬೀದಿಯ ಮೂಲೆ, ಮನೆಯ ಮೆಟ್ಟಿಲು, ದನಿ ಮೊಳಗುವ ಸಬ್‌ವೇ ನಿಲ್ದಾಣ ಅವರ ಅಭ್ಯಾಸದ ಜಾಗಗಳು.

*

ಮಂದ್ರದ ದನಿಯವನು ಬಾಸ್ ಆಗಬೇಕು, ನಡುವಿನವರು ಲಯ ಕಟ್ಟಬೇಕು, ತಾರಸ್ಥಾಯಿಯವನು ಎಲ್ಲರ ಮೇಲೆ ತೇಲಬೇಕು. ಇದಕ್ಕೆ ನಿಘಂಟಿನ ಪದ ಒದಗುವುದಿಲ್ಲ. ತುಟಿ ಬಡಿದು ಹುಟ್ಟುವ ಬಕಾರ, ನಾಲಿಗೆ ತಟ್ಟಿ ಸಿಡಿಯುವ ಡಕಾರ, ಮೂಗಿನಲ್ಲಿ ಗುಂಯ್‌ಗುಡುವ ಮಕಾರ ಬೇಕು. ಅರ್ಥವಿಲ್ಲವೆಂದು ನಾವು ತಳ್ಳಿಹಾಕುವ ಅಕ್ಷರವೇ ಹಾಡನ್ನು ಹೊತ್ತು ನಡೆಯುತ್ತದೆ.

*

ರೆಕಾರ್ಡಿಗೆ ಹೋದಾಗ ನಿಜವಾದ ಡ್ರಮ್ಮು, ಸ್ಯಾಕ್ಸೊಫೋನು ಬಂದವು. ಆದರೂ ಅಕ್ಷರಗಳು ಜಾಗ ಬಿಡಲಿಲ್ಲ. ಕೊರತೆಗೆಂದು ಬಂದದ್ದು ಅಷ್ಟರಲ್ಲಿ ಸಂತೋಷವಾಗಿತ್ತು.

*

ರಿಚರ್ಡ್ ಲೂಯಿಸ್ ಸೇನೆಯಿಂದ ಮರಳಿ ಕೆಲಸವಿಲ್ಲದೆ ಮನೆಯಲ್ಲಿದ್ದಾಗ, ಎಲ್ಲಾದರೂ ಕೆಲಸ ನೋಡಿಕೋ ಎಂದು ತಾಯಿ ಹೇಳುತ್ತಲೇ ಇದ್ದರು. ಆ ಮಾತೇ 'ಗೆಟ್ ಎ ಜಾಬ್' ಹಾಡಾಯಿತು. ಲೂಯಿಸ್ ಇದ್ದ ಫಿಲಡೆಲ್ಫಿಯಾದ 'ದಿ ಸಿಲೂಯೆಟ್ಸ್' ತಂಡ ಹಾಡಿದ ಅದು 1958ರ ಫೆಬ್ರವರಿಯಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಬೆಳಗಾದರೆ ಮನೆಯಲ್ಲಿ ಬೈಗುಳ. ಪತ್ರಿಕೆಯನ್ನು ಜಾಲಾಡಿದರೂ ಕೆಲಸ ಸಿಗದು. ಹುಡುಕಿ ಬಂದೆ ಎಂದರೆ ಸುಳ್ಳು ಹೇಳುತ್ತೀಯ ಎಂಬ ಮಾತು ಬೇರೆ. ಇಷ್ಟು ಕಹಿಯ ಸುತ್ತ ಶಾ ನಾ ನಾ ಎಂಬ ಅಕ್ಷರಗಳು ಕುಣಿಯುತ್ತವೆ. ಅಮೆರಿಕ ಆಗ 1957ರ ಆಗಸ್ಟ್‌ನಲ್ಲಿ ಶುರುವಾದ ಆರ್ಥಿಕ ಹಿಂಜರಿತದಲ್ಲಿತ್ತು. ಕೇಳಿದವರಲ್ಲಿ ಎಷ್ಟೋ ಮಂದಿಗೆ ಅದು ತಮ್ಮ ಮನೆಯದೇ ಕಥೆ.

*

ನಿರುದ್ಯೋಗಿಗೆ ಅರ್ಥವಿರುವ ಮಾತಿನ ಬರ ಎಂದೂ ಇರುವುದಿಲ್ಲ. ಬುದ್ಧಿಮಾತು, ಪ್ರಶ್ನೆ, ಪಕ್ಕದ ಮನೆಯ ಹುಡುಗನ ಸಂಬಳದ ವರದಿ ದಿನವೂ ಕಿವಿಗೆ ಬೀಳುತ್ತವೆ. ಯಾರೂ ಲೆಕ್ಕ ಕೇಳದ, ಯಾರೂ ಸುಳ್ಳೆನ್ನಲಾಗದ ಮಾತು ಅವನಿಗೆ ಸಿಕ್ಕಿದ್ದು ಆ ಅಕ್ಷರಗಳಲ್ಲಿ. ಈ ಹಾಡನ್ನು ತಮಾಷೆಯ ಹಾಡು ಎಂದಷ್ಟೇ ಕರೆದರೆ ನನಗೆ ನೋವಾಗುತ್ತದೆ.

*

ನಗಿಸುವ ಹಾಡಿನೊಳಗೆ ಅವಮಾನ ಹೆಚ್ಚು ದೂರ ಪ್ರಯಾಣ ಮಾಡುತ್ತದೆ.

*

1954ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ 'ದಿ ಕಾರ್ಡ್ಸ್' ಎಂಬ ಕಪ್ಪು ಹುಡುಗರ ತಂಡ 'ಶ್-ಬೂಮ್' ಹಾಡಿತು. ಅದೇ ವರ್ಷ ಕೆನಡಾದ ಬಿಳಿಯರ ತಂಡ 'ದಿ ಕ್ರೂ ಕಟ್ಸ್' ಅದನ್ನೇ ಹಾಡಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿ ಕೂತಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಬೇಕು. ಬ್ರಾಂಕ್ಸ್‌ನವರ ಅಕ್ಷರಗಳು ಒಂದನ್ನೊಂದು ತಳ್ಳಿಕೊಂಡು ಓಡುತ್ತವೆ. ಕೆನಡಾದವರಲ್ಲಿ ಎಲ್ಲವೂ ಇಸ್ತ್ರಿ ಹಾಕಿದಂತೆ ನೀಟು, ಬೂಮ್ ಎನ್ನಲು ದೊಡ್ಡ ನಗಾರಿಯೂ ಇದೆ. ನಗಾರಿಯೇ ಬಂದ ಮೇಲೆ ಗಂಟಲಿಗೇನು ಕೆಲಸ?

*

ಹಳೆಯ ದುಃಖಕ್ಕೆ ಹೊಸ ಪದ ಬೇಕೆಂದೇನೂ ಇಲ್ಲ. 'ಬ್ಲೂ ಮೂನ್' 1934ರ ನಿಧಾನಗತಿಯ ಒಂಟಿತನದ ಹಾಡು, ರಿಚರ್ಡ್ ರಾಜರ್ಸ್ ಮತ್ತು ಲೊರೆಂಜ್ ಹಾರ್ಟ್ ಅವರದು. 1961ರಲ್ಲಿ ಪಿಟ್ಸ್‌ಬರ್ಗ್‌ನ 'ದಿ ಮಾರ್ಸೆಲ್ಸ್', ಕಪ್ಪು ಬಿಳಿ ಹುಡುಗರು ಕೂಡಿದ ತಂಡ, ಅದಕ್ಕೆ ಫ್ರೆಡ್ ಜಾನ್ಸನ್ ಅವರ ಮಂದ್ರದ ಕುಪ್ಪಳಿಸುವ ಅಕ್ಷರಗಳನ್ನು ಮುಂದೆ ಇಟ್ಟಿತು. ಚಂದ್ರ ಬರುವ ಮೊದಲೇ ಕೇಳುವವನ ಕಾಲು ತಾಳ ಹಾಕುತ್ತಿರುತ್ತದೆ.

*

ಅದೇ 1961ರಲ್ಲಿ ಬ್ಯಾರಿ ಮ್ಯಾನ್ ಒಂದು ಹಾಡು ಹಾಡಿದರು. ಇಂಥ ಅಕ್ಷರಗಳನ್ನು ಹಾಡಿಗೆ ತಂದವನು ಯಾರು, ಅವನ ಕೈ ಕುಲುಕಬೇಕು, ನನ್ನ ಹುಡುಗಿ ಒಲಿದದ್ದು ಅವನಿಂದಲೇ ಎನ್ನುವ ಹಾಡು. ಕೈ ಕುಲುಕಲು ಒಬ್ಬನೇ ಸಿಗಲಾರ. ನನಗೆ ಮೊದಲು ನೆನಪಾಗುವವರು 'ಗೆಟ್ ಎ ಜಾಬ್'ಗೆ ಮಂದ್ರದ ದನಿಯಾದ ರೇಮಂಡ್ ಎಡ್ವರ್ಡ್ಸ್, ಆಮೇಲೆ ಫ್ರೆಡ್ ಜಾನ್ಸನ್, ಬ್ರಾಂಕ್ಸ್‌ನ 'ದಿ ಕಾರ್ಡ್ಸ್' ತಂಡದ ಕಾರ್ಲ್ ಮತ್ತು ಕ್ಲಾಡ್ ಫೀಸ್ಟರ್ ಸೋದರರು.