ಹಳೆಯ ಗಿಟಾರಿನ ಪರೀಕ್ಷೆಯೂ ಪರೀಕ್ಷಕನ ಮೌನವೂ

ಒಬ್ಬ ವಾದ್ಯಗಾರನು ತೀರಿಹೋದ ಮೇಲೆ ಅವನ ಮನೆಯ ಅಟ್ಟದಲ್ಲಿ ಒಂದು ಹಳೆಯ ಗಿಟಾರು ಸಿಕ್ಕಿತೆನ್ನೋಣ. ಅವನ ವಿಧವೆಗೆ ಅದರ ಮರವೂ ತಿಳಿಯದು, ಬೆಲೆಯೂ ತಿಳಿಯದು. ಮನೆಯಲ್ಲಿ ಹಣವಿಲ್ಲವೆಂಬದು ಮಾತ್ರ ತಿಳಿದದೆ. ಸಂಗತಿಯನ್ನು ಬಲ್ಲ ಒಬ್ಬನು ಬಂದು ವಾದ್ಯವನ್ನು ಮಗುಚಿ ನೋಡಿ, ಬೆರಳ ಗಿಣ್ಣಿನಿಂದ ತಟ್ಟಿ, ಒಳಗೆ ದೀಪ ಹಿಡಿದು ನೋಡಿ, ಆಕೆ ಕೇಳಿದ ಅಲ್ಪ ಹಣವನ್ನು ಎಣಿಸಿ ಕೊಟ್ಟು ಹೊರಟುಹೋಗುತ್ತಾನೆ. ಅವನು ಸುಳ್ಳು ಹೇಳಲಿಲ್ಲ, ಕಳ್ಳತಕ್ಕಡಿಯನ್ನು ಹಿಡಿಯಲಿಲ್ಲ, ಹೇಳಬಹುದಾಗಿದ್ದ ಒಂದು ಮಾತನ್ನು ಹೇಳದೆ ಬಿಟ್ಟನು, ಅಷ್ಟೇ. ಇವನು ತಪ್ಪುಗಾರನೋ, ಅಲ್ಲವೋ? ಈ ಪ್ರಶ್ನೆಯನ್ನು ನಮ್ಮ ಸ್ನೇಹಿತರೊಬ್ಬರು ಕೇಳಿದಾಗ ನಾವು ಥಟ್ಟನೆ ಉತ್ತರ ಕೊಡಲಾರದೆ ಹೋದೆವು. ಆದದರಿಂದ ಅದನ್ನು ವಾಚಕರ ಮುಂದೆ ಇಟ್ಟು ಸ್ವಲ್ಪ ವಿಚಾರಿಸೋಣ.

ಗಿಟಾರೆಂದ ಕೂಡಲೆ ಅನೇಕರು ಉಕ್ಕಿನ ತಂತಿಯ ವಾದ್ಯವನ್ನು ನೆನಸುವರು. ನಾವು ಹೇಳುವದು ಅದಲ್ಲ. ಸ್ಪೇನ್ ದೇಶದಲ್ಲಿ ಈಗಿನ ಆಕಾರಕ್ಕೆ ಬಂದು, ಬರೀ ಬೆರಳುಗಳಿಂದ ನುಡಿಸಲ್ಪಡುವ ವಾದ್ಯವು ಇದು. ಮೊದಲು ಇದಕ್ಕೆ ಕರುಳಿನ ತಂತಿಗಳಿದ್ದವು. 1940ರ ದಶಕದ ಕೊನೆಯಿಂದ ನೈಲಾನ್ ತಂತಿಗಳು ಬಂದವು. ಅಲ್ಮೆರಿಯಾ ಸೀಮೆಯಲ್ಲಿ 1817ರಲ್ಲಿ ಹುಟ್ಟಿದ ಅಂತೋನಿಯೋ ದೆ ತೋರೆಸ್ ಎಂಬ ಬಡಗಿಯೇ ಇದರ ಮೈಕಟ್ಟನ್ನು ಸ್ಥಿರಪಡಿಸಿದವನೆಂದು ಎಲ್ಲರೂ ಒಪ್ಪುತ್ತಾರೆ. ಇಂಥವನು ನಡುವೆ ಕೆಲವು ವರುಷ ವಾದ್ಯದ ಕೆಲಸವನ್ನು ಬಿಟ್ಟು ಪಿಂಗಾಣಿಯ ಅಂಗಡಿ ಇಟ್ಟುಕೊಂಡಿದ್ದನು. ನಮ್ಮ ದೇಶಕ್ಕೂ ಈ ವಾದ್ಯಕ್ಕೂ ಸಂಬಂಧವಿಲ್ಲದಿಲ್ಲ. ಹಳೆಯ ಗಿಟಾರುಗಳ ಮೇಲಿನ ಮೆರುಗು ಅರಗಿನದು. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಹಿಡಿಸುವ ಅದೇ ಅರಗು. ಹಿಂಬದಿಗೂ ಪಕ್ಕಗಳಿಗೂ ಹಾಕುತ್ತಿದ್ದ ಬ್ರಜಿಲ್ ದೇಶದ ಮರವು ಅಪರೂಪವಾದಾಗ, 1960ರ ದಶಕದ ಕೊನೆಯಿಂದ ಗಿಟಾರು ಮಾಡುವವರು ನಮ್ಮ ಘಟ್ಟಗಳ ಬೀಟೆಮರವನ್ನು ಹೆಚ್ಚು ಹೆಚ್ಚಾಗಿ ಹಿಡಿದರು.

ಬಲ್ಲವನು ಹಳೆಯ ಗಿಟಾರನ್ನು ಕೈಗೆ ತೆಗೆದುಕೊಂಡ ಕೂಡಲೆ ನುಡಿಸುವದಿಲ್ಲ, ಮೊದಲು ನೋಡುತ್ತಾನೆ. ಆರು ತಂತಿಗಳು ಕೂಡಿ ಸುಮಾರು 40 ಕಿಲೋ ಭಾರದಷ್ಟು ಎಳೆತವನ್ನು ಹಗಲಿರುಳು ಹಾಕುತ್ತಿರಲು, ಅದನ್ನು ತಾಳಿಕೊಳ್ಳುವ ಮೇಲ್ಹಲಗೆಯ ದಪ್ಪವು ಎರಡೂವರೆ ಮಿಲ್ಲಿಮೀಟರಿನ ಸುತ್ತುಮುತ್ತು ಮಾತ್ರ. ಅದರ ಅಡಿಯಲ್ಲಿ ಬೀಸಣಿಗೆಯ ಕಡ್ಡಿಗಳಂತೆ ಹರಡಿರುವ ತೆಳುಪಟ್ಟಿಗಳೇ ಅದಕ್ಕೆ ಆಧಾರ. ಆದದರಿಂದ ಪರೀಕ್ಷಕನು ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಅಡ್ಡಲಾಗಿ ಹಿಡಿಯುತ್ತಾನೆ. ತಂತಿಗಳನ್ನು ಕಟ್ಟಿದ ಕುದುರೆಯ ಹಿಂದೆ ಸ್ವಲ್ಪ ಉಬ್ಬಿದ್ದರೆ ಗಾಬರಿಯಿಲ್ಲ. ಕುದುರೆಗೂ ದುಂಡುರಂಧ್ರಕ್ಕೂ ನಡುವೆ ಹಲಗೆ ಕುಸಿದಿದ್ದರೆ ಮಾತ್ರ, ಒಳಗಿನ ಪಟ್ಟಿ ಬಿಟ್ಟುಕೊಂಡಿರಬಹುದೆಂದು ಸಂಶಯಪಡುತ್ತಾನೆ. ಕುದುರೆಯ ಹಿಂದಂಚಿನ ಕೆಳಗೆ ತೆಳುವಾದ ಕಾಗದವನ್ನು ತೂರಿಸಿ ನೋಡುತ್ತಾನೆ. ಕಾಗದವು ಒಳಗೆ ಹೋದರೆ ಅಂಟು ಸಡಿಲಿತೆಂದು ತಿಳಿಯುತ್ತದೆ. ಆ ಮೇಲೆ ಮೈಯನ್ನೆಲ್ಲಾ ಮೆಲ್ಲಗೆ ತಟ್ಟುತ್ತಾನೆ. ಕುಂಬಾರನ ಗಡಿಗೆಯನ್ನು ಕೊಳ್ಳುವಾಗ ನಮ್ಮ ಹೆಂಗಸರು ತಟ್ಟಿ ಕೇಳುವ ಹಾಗೆಯೇ ಇದು. ಗಟ್ಟಿಯಾಗಿರುವ ಕಡೆಯಲ್ಲಿ ಒಂದೇ ಸದ್ದು ಬರುತ್ತದೆ. ಬಿಟ್ಟುಕೊಂಡ ಕಡೆಯಲ್ಲಿ ಗರಗರವೆಂಬ ಎರಡನೆಯ ಸದ್ದೂ ಸೇರುತ್ತದೆ.

ಅನನುಭವಸ್ಥರು ತಪ್ಪುವದು ಹೆಚ್ಚಾಗಿ ಕುತ್ತಿಗೆಯ ವಿಷಯದಲ್ಲಿ. ಅವರು ಮೇಲಿನ ಗೀರುಗಳನ್ನು ನೋಡಿ ಹಿಂಜರಿಯುತ್ತಾರೆ. ಗೀರುಗಳು ನುಡಿಸಿದ ಕೈಯ ಗುರುತುಗಳು, ಅವುಗಳಿಂದ ನಾದಕ್ಕೆ ಕೇಡೇನೂ ಇಲ್ಲ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯು ಎಷ್ಟು ಎತ್ತರದಲ್ಲಿದೆಯೆಂದು ಅಳೆಯಬೇಕು. ದಪ್ಪ ತಂತಿಯು ಸುಮಾರು 4 ಮಿಲ್ಲಿಮೀಟರ್, ಸಣ್ಣ ತಂತಿಯು ಸುಮಾರು 3 ಮಿಲ್ಲಿಮೀಟರ್ ಇದ್ದರೆ ಸರಿ. ಅದಕ್ಕಿಂತ ಬಹಳ ಮೇಲಿದ್ದು, ಕುದುರೆಯ ಮೇಲಿನ ಎಲುಬಿನ ಪಟ್ಟಿಯನ್ನೂ ಮುಂಚೆಯೇ ಯಾರೋ ಅರದಿಂದ ತೇದು ತಗ್ಗಿಸಿದ್ದರೆ, ಕುತ್ತಿಗೆ ಮುಂದಕ್ಕೆ ಬಾಗಿದೆ, ಇನ್ನು ತಗ್ಗಿಸುವದಕ್ಕೆ ಸ್ಥಳವೂ ಇಲ್ಲ. ಸ್ಪೇನಿನ ಪದ್ಧತಿಯಲ್ಲಿ ಪಕ್ಕದ ಹಲಗೆಗಳು ಕುತ್ತಿಗೆಯ ಬುಡದೊಳಗೇ ಸೇರಿಕೊಂಡಿರುವದರಿಂದ ಅದನ್ನು ಬಿಚ್ಚಿ ಕೂಡಿಸುವದು ಸುಲಭವಲ್ಲ. ಹೊರಗೆ ಕನ್ನಡಿಯಂತೆ ಹೊಳೆಯುವ ವಾದ್ಯವು ಇಂಥ ರೋಗದಿಂದ ನುಡಿಸಲಾಗದೆ ಇರಬಹುದು. ಬಡವನ ಬಾಗಿಲಿನಂತೆ ಸವೆದುಹೋದದ್ದು ಇನ್ನೂ ಎರಡು ತಲೆ ಬಾಳಬಹುದು.

ಕಡೆಯದಾಗಿ ಚಿಕ್ಕ ಕನ್ನಡಿಯನ್ನೂ ದೀಪವನ್ನೂ ಒಳಗೆ ಇಳಿಸಿ ನೋಡುವದುಂಟು. ಬಿರುಕಿಗೆ ಅಡ್ಡಲಾಗಿ ಅಂಟಿಸಿದ ಮರದ ಚಿಕ್ಕ ತುಂಡುಗಳು, ಹುಳ ತಿಂದ ತೂತುಗಳು, ಕರ್ತೃವಿನ ಹೆಸರಿನ ಚೀಟಿ, ಎಲ್ಲವೂ ಅಲ್ಲಿ ಕಾಣುತ್ತವೆ. ಕತ್ತಲೆಯಲ್ಲಿ ನೇರಳಾತೀತ ಬೆಳಕನ್ನು ಬಿಟ್ಟರೆ ಅರಗಿನ ಮೆರುಗು ಕಿತ್ತಳೆ ಬಣ್ಣವಾಗಿ ಹೊಳೆಯುವದು. ಹೊಸದಾಗಿ ಬೇರೆ ಮೆರುಗು ಬಳಿದ ಸ್ಥಳವು ಬೇರೆಯಾಗಿ ತೋರುವದು. ಮುಚ್ಚಿದ ಬಿರುಕು ಆಗ ಬೈಲಿಗೆ ಬರುತ್ತದೆ.

ಇಷ್ಟೆಲ್ಲಾ ಕಂಡುಹಿಡಿಯುವದು ವಿದ್ಯೆ. ಕಂಡದ್ದನ್ನು ಏನು ಮಾಡಬೇಕೆಂಬದು ಬೇರೆ ಸಂಗತಿ. ರೋಮಿನ ಕಿಕೆರೋ ಎಂಬ ಪಂಡಿತನು ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳ ವಿಷಯವಾಗಿ ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇದನ್ನೇ ಚರ್ಚಿಸಿದ್ದಾನೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅಲೆಕ್ಸಾಂದ್ರಿಯದಿಂದ ಒಬ್ಬ ವರ್ತಕನು ಧಾನ್ಯದ ಹಡಗನ್ನು ತಂದಿದ್ದಾನೆ. ಇನ್ನೂ ಅನೇಕ ಹಡಗುಗಳು ಹಿಂದೆ ಬರುತ್ತಿವೆಯೆಂದು ಅವನು ಕಣ್ಣಾರೆ ಕಂಡಿದ್ದಾನೆ. ಇದನ್ನು ಹೇಳಬೇಕೋ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬಹುದೋ? ಮಾರುವವನಿಗೆ ತಿಳಿದದ್ದೆಲ್ಲವೂ ಕೊಳ್ಳುವವನಿಗೆ ತಿಳಿಯಬೇಕೆಂದು ಅಂತಿಪಾತ್ರನೆಂಬ ಜ್ಞಾನಿ ಹೇಳಿದನು. ನ್ಯಾಯಶಾಸ್ತ್ರವು ಹೇಳಬೇಕೆಂದು ವಿಧಿಸಿದ ದೋಷಗಳನ್ನು ಹೇಳಿದರೆ ಸಾಕು, ಸುಮ್ಮನಿರುವದು ಬೇರೆ, ಮರೆಮಾಡುವದು ಬೇರೆ ಎಂದು ಅವನ ಗುರುವಾದ ದಿಯೊಗೆನನು ಹೇಳಿದನು. ಕಿಕೆರೋ ಅಂತಿಪಾತ್ರನ ಕಡೆಗೆ ಸೇರಿದನು.

ದಿಯೊಗೆನನ ಮಾತನ್ನು ನಾವು ಹಗುರವಾಗಿ ತಳ್ಳಿಬಿಡಲಾರೆವು. ಗಿಟಾರನ್ನು ಪರೀಕ್ಷಿಸುವ ಕಣ್ಣು ಬಿಟ್ಟಿಯಾಗಿ ಬಂದದ್ದಲ್ಲ. ಇಪ್ಪತ್ತು ವರುಷ ಮರದ ದೂಳನ್ನು ಕುಡಿದು ಕಲಿತವನು ತನ್ನ ವಿದ್ಯೆಯಿಂದ ಲಾಭ ಹೊಂದಬಾರದೋ? ಒಳ್ಳೆಯ ಎತ್ತನ್ನು ಸುಳಿ ನೋಡಿ ಆರಿಸುವ ರೈತನು ಜಾತ್ರೆಯಲ್ಲಿ ತನ್ನ ಗುಟ್ಟನ್ನು ಡಂಗುರ ಹೊಡೆಸುತ್ತಾನೋ? ಇಬ್ಬರು ವರ್ತಕರು, ಸಮಾನವಾಗಿ ಬಲ್ಲವರು, ಎದುರುಬದುರಾಗಿ ಕೂತು ಚೌಕಾಸಿ ಮಾಡುವಲ್ಲಿ ನಾವು ನಡುವೆ ಬಾಯಿಹಾಕುವದಿಲ್ಲ. ಆದರೆ ನಮ್ಮ ವಿಧವೆಯು ಚೌಕಾಸಿಗೆ ಕೂತವಳಲ್ಲ. "ನೀವೇ ನೋಡಿ ಹೇಳಿರಿ, ನನಗೇನು ಗೊತ್ತು" ಎಂದು ವಾದ್ಯವನ್ನು ಅವನ ಕೈಗೆ ಕೊಟ್ಟಳು. ಆ ಗಳಿಗೆಯಲ್ಲಿ ಅವನು ಆಕೆಯ ಕಣ್ಣಾದನು. ಆಕೆಯ ಕಣ್ಣಾಗಿ ನೋಡಿ ತನ್ನ ಚೀಲಕ್ಕಾಗಿ ಸುಮ್ಮನಾಗುವದು ಮೌನವಲ್ಲ, ಮೋಸವೇ ಎಂದು ನಮ್ಮ ಅಭಿಪ್ರಾಯ. ವಿದ್ಯೆಗೆ ಕೂಲಿ ಬೇಕಾದರೆ ಪರೀಕ್ಷೆಯ ಕೂಲಿಯನ್ನು ಬಾಯಿಬಿಟ್ಟು ಕೇಳಲಿ, ಅದು ನ್ಯಾಯ.

ಆಕೆ ಏನೂ ಕೇಳದೆ, ತಾನಾಗಿಯೇ ಒಂದು ಅಲ್ಪ ಬೆಲೆಯನ್ನು ಹೇಳಿಬಿಟ್ಟರೆ? ಇಲ್ಲಿ ನಮಗೂ ಕಾಲು ಜಾರುತ್ತದೆ. ಅದೇ ಕಿಕೆರೋ ಇದಕ್ಕೂ ಒಂದು ಕಥೆಯನ್ನು ಕೊಟ್ಟಿದ್ದಾನೆ. ಸ್ಕೆವೊಲನೆಂಬವನು ಒಂದು ಹೊಲವನ್ನು ಕೊಳ್ಳಲು ಹೋಗಿ, ಒಂದೇ ಮಾತಿನಲ್ಲಿ ಬೆಲೆ ಹೇಳೆಂದು ಕೇಳಿದನು. ಮಾರುವವನು ಹೇಳಿದನು. ತಾನು ಅದನ್ನು ಹೆಚ್ಚಿನದೆಂದು ಎಣಿಸುತ್ತೇನೆಂದು ಹೇಳಿ ಸ್ಕೆವೊಲನು ಮೇಲೆ ಒಂದು ಲಕ್ಷ ನಾಣ್ಯಗಳನ್ನು ಕೂಡಿಸಿ ಕೊಟ್ಟನು. ಇವನು ಒಳ್ಳೆಯವನೆಂದು ಎಲ್ಲರೂ ಒಪ್ಪಿದರು, ಬುದ್ಧಿವಂತನೆಂದು ಒಪ್ಪಲಿಲ್ಲವಂತೆ. ಎಲ್ಲರೂ ಸ್ಕೆವೊಲನಾಗಬೇಕೆಂದು ವಿಧಿಸಲು ನಮಗೆ ಧೈರ್ಯ ಸಾಲದು. "ಅಮ್ಮಾ, ಇಂದೇ ಬೆಲೆ ಕಟ್ಟಬೇಡಿರಿ, ಇನ್ನೊಬ್ಬ ಬಲ್ಲವನಿಗೂ ತೋರಿಸಿರಿ" ಎನ್ನುವಷ್ಟಾದರೂ ಅವನಿಂದ ಆಗಬಾರದೋ?

ಸತ್ಯವು ಯಾವಾಗಲೂ ಸಿಹಿಯಾಗಿರುವದಿಲ್ಲವೆಂಬದನ್ನೂ ಹೇಳಬೇಕು. ಅದೇ ವಿಧವೆಯ ಗಿಟಾರಿನೊಳಗೆ ತೋರೆಸನ ಹೆಸರಿನ ಚೀಟಿ ಇದ್ದು, ಗಂಡನು ಸಾಯುವ ವರೆಗೂ ಅದನ್ನು ನಂಬಿದ್ದನೆನ್ನೋಣ. ಚೀಟಿಯೆಂದರೆ ಕಾಗದ, ಯಾರೂ ಅಂಟಿಸಬಹುದು. ಪ್ರಾಮಾಣಿಕವಾದ ಚೀಟಿಯೂ ಎಲ್ಲವನ್ನೂ ಹೇಳದು. ಸೆಗೋವಿಯಾ ಎಂಬ ಮಹಾ ವಾದಕನು 1912ರಿಂದ ಇಪ್ಪತ್ತೈದು ವರುಷ ನುಡಿಸಿದ ಗಿಟಾರಿನಲ್ಲಿ ಮಾನುಯೆಲ್ ರಾಮಿರೆಸನ ಹೆಸರಿದೆ. ಕಟ್ಟಿದ ಕೈ ಅವನ ಕಾರ್ಖಾನೆಯ ಸಾಂತೋಸ್ ಎರ್ನಾಂದೆಸನದೆಂದು ಬಲ್ಲವರು ಹೇಳುತ್ತಾರೆ. ಹೀಗಿರಲು ಪರೀಕ್ಷಕನು ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿಟ್ಟು ಹೇಳತಕ್ಕದ್ದು. "ಒಳಪಟ್ಟಿಗಳನ್ನು ಯಂತ್ರದಿಂದ ಕೊರೆದ ಗುರುತು ಇಗೋ ಇಲ್ಲಿದೆ" ಎಂದು ಕನ್ನಡಿಯಲ್ಲಿ ತೋರಿಸಲಿ. ಆಕೆಯ ಕಣ್ಣೀರಿಗೆ ಹೆದರಿ, ಇರಬಹುದು, ಯಾರು ಬಲ್ಲರು ಎಂದು ತೇಲಿಸಿದರೆ ಆಕೆ ಆ ಆಸೆಯ ಮೇಲೆ ಸಾಲ ಮಾಡಿಯಾಳು.

ರಿಪೇರಿಯ ವಿಷಯವಾಗಿ ಒಂದು ಮಾತು. ಬಿರುಕನ್ನು ಕಾಣದಂತೆ ಕೂಡಿಸುವದು ಸುಳ್ಳಲ್ಲ, ಅದು ಕೈಯ ಚಾತುರ್ಯ. ಕೂಡಿಸಿದ್ದನ್ನು ಹೇಳದೆ ಮಾರುವದು ಸುಳ್ಳು. ಹಳೆಯ ಕುಶಲಿಗಳು ಪ್ರಾಣಿಗಳ ಚರ್ಮವನ್ನು ಬೇಯಿಸಿ ಮಾಡಿದ ಅಂಟನ್ನೇ ಬಳಸುತ್ತಿದ್ದರು. ಕಾವೂ ತೇವವೂ ಕೊಟ್ಟರೆ ಅದು ಬಿಡುತ್ತದೆ, ಮುಂದೆ ಬರುವವನು ಇವರ ತಪ್ಪನ್ನು ತಿದ್ದಬಹುದು. ಈಗ ಕೆಲವರು ಕಲ್ಲಿನಂತೆ ಹಿಡಿಯುವ ಎಪಾಕ್ಸಿಯನ್ನು ಸುರಿದು, ಹಳೆಯ ಮೆರುಗನ್ನೆಲ್ಲಾ ಕೆರೆದು ಹೊಸ ಮೆರುಗನ್ನು ಬಳಿಯುತ್ತಾರೆ. ಬ್ರಜಿಲ್ ಮರವು 1992ರಿಂದ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಠಿಣ ಪಟ್ಟಿಯಲ್ಲಿದ್ದು, ಕಾಗದಪತ್ರವಿಲ್ಲದೆ ಗಡಿ ದಾಟಲಾಗದಾದ್ದರಿಂದ, ಅದನ್ನು ನಮ್ಮ ಬೀಟೆಯೆಂದು ಹೇಳಿ ಸಾಗಿಸುವ ಆಸೆಯೂ ಹುಟ್ಟಬಹುದು. ನಮ್ಮ ಮರದ ಹೆಸರು ಇಂಥದಕ್ಕೆ ಮುಸುಕಾಗುವದು ನಮಗೆ ಸಹಿಸದು.

ಇಷ್ಟು ಬರೆದ ನಾವು ಶುದ್ಧರೆಂದು ವಾಚಕರು ತಿಳಿಯಬಾರದು. ಅನೇಕ ವರುಷಗಳ ಹಿಂದೆ ನಮ್ಮ ಮನೆಯ ಹಾರ್ಮೋನಿಯಮನ್ನು ನೆರೆಯೂರಿನ ಒಬ್ಬ ರೈತನಿಗೆ ಮಾರಿದೆವು. ಅದರ ಒಂದು ಸ್ವರದ ಹಿತ್ತಾಳೆಯ ನಾಲಗೆ ಬಿರಿದಿತ್ತು. ಅವನ ಮುಂದೆ ನುಡಿಸಿ ತೋರಿಸುವಾಗ ಆ ಮನೆಯನ್ನು ಮುಟ್ಟದ ರಾಗವನ್ನೇ ನುಡಿಸಿದೆವು. ಅವನು ಕೇಳಲಿಲ್ಲ, ನಾವು ಹೇಳಲಿಲ್ಲ, ಹಣವನ್ನು ಎಣಿಸಿಕೊಂಡೆವು. ಬಹುಕಾಲದ ಮೇಲೆ ಆ ಊರಿಗೆ ಹೋದಾಗ ಅವನ ಜಗಲಿಯಲ್ಲಿ ಮಕ್ಕಳು ಅದೇ ಪೆಟ್ಟಿಗೆಯನ್ನು ನುಡಿಸುತ್ತಿದ್ದರು. ಆ ಸ್ವರ ಬರುವಲ್ಲಿ ಬೆರಳನ್ನು ಎತ್ತಿ, ಬಾಯಿಂದಲೇ ಹಾಡಿ, ಮುಂದಿನ ಮನೆಗೆ ಹೋಗುತ್ತಿದ್ದರು. ಹಾಗೆ ನುಡಿಸುವದೇ ಕ್ರಮವೆಂದು ಅವರು ತಿಳಿದಂತಿತ್ತು. ನಾವು ನಾಚಿಕೆಯಿಂದ ಅವನಿಗೆ ಎಲ್ಲವನ್ನೂ ತಿಳಿಸಿದೆವು.

"ಆ ಸಾಯಂಕಾಲವೇ ಗೊತ್ತಾಯಿತು, ಮಾಸ್ತರೇ" ಅಂದನು. "ನೀವಾಗಿ ಹೇಳುತ್ತೀರೆಂದು ಕಾದೆ."