ಹೊದಿಕೆಗೆ ಮುನ್ನ

ಮನುಷ್ಯನು ಮಾಡುವ ಕೆಲಸಗಳಲ್ಲಿ ಕಣ್ಣಿಗೆ ಬೀಳುವುದು ಒಂದು ಬಗೆ, ಮುಚ್ಚಿಹೋಗುವುದು ಇನ್ನೊಂದು ಬಗೆ. ಗೋಡೆಯ ಸುಣ್ಣ ಕಾಣುತ್ತದೆ, ಅಡಿಪಾಯದ ಕಲ್ಲು ಕಾಣುವುದಿಲ್ಲ. ರವಿಕೆಯ ಅಂಚು ಕಾಣುತ್ತದೆ, ಒಳಹೊಲಿಗೆ ಕಾಣುವುದಿಲ್ಲ. ಕಾಣುವ ಕೆಲಸವನ್ನು ಚೆನ್ನಾಗಿ ಮಾಡಿರೆಂದು ಯಾರೂ ನಮಗೆ ನೀತಿ ಹೇಳಬೇಕಾಗಿಲ್ಲ. ಹೊಗಳಿಕೆಯ ಆಸೆ, ನಗೆಗೀಡಾಗುವ ಭಯ, ಇವೆರಡೇ ಸಾಕು. ಆದರೆ ನಾಳೆ ಮುಚ್ಚಿಹೋಗಲಿರುವ ಕೆಲಸವನ್ನು ಇಂದು ನೆಟ್ಟಗೆ ಮಾಡುವುದು ಯಾರಿಗಾಗಿ? ಪ್ರಶ್ನೆ ಬಹಳ ಹಳೆಯದು. ನನ್ನ ಮಟ್ಟಿಗೆ ಅದಕ್ಕೆ ಜೀವ ಬಂದದ್ದು ಮಾತ್ರ ಗ್ರಂಥಗಳಿಂದಲ್ಲ. ಸಿರಾ ತಾಲ್ಲೂಕಿನ ಒಂದು ಹಳ್ಳಿಯ ಜಗಲಿಯ ಮೇಲೆ, ನಮ್ಮ ದೊಡ್ಡಪ್ಪನವರ ಮಾತಿನಿಂದ.

ನಮ್ಮದು ಕಂಬಳಿ ನೇಯುವ ಮನೆತನ. ಸಿರಾ, ಮಧುಗಿರಿ, ಪಾವಗಡಗಳ ಕಡೆ ಕುರಿಯ ಹಿಂಡೂ ಮಗ್ಗದ ಗುಂಡಿಯೂ ಒಂದು ಕಾಲಕ್ಕೆ ಊರೂರಿಗೂ ಇದ್ದವು. ಕೊರಟಗೆರೆಯ ಕಡೆಯಿಂದ ಬಂದ ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಬೇಯಿಸಿ ಅಂಟು ಮಾಡಿ, ಹಾಸಿನ ಎಳೆಗಳಿಗೆ ಸವರುವುದನ್ನು ನಾನು ಹುಡುಗನಾಗಿ ಕಂಡಿದ್ದೇನೆ. ಉಣ್ಣೆಯ ಎಳೆ ಅದರಿಂದ ಬಿಗಿಯಾಗಿ, ನೇಯ್ಗೆಯ ಎಳೆದಾಟವನ್ನು ತಾಳಿಕೊಳ್ಳುತ್ತದೆ. ಈ ವಿದ್ಯೆಯನ್ನು ಬಲ್ಲ ದೊಡ್ಡಪ್ಪನವರು 1960ರ ದಶಕದಲ್ಲಿ ಬೆಂಗಳೂರಿಗೆ ಹೋಗಿ ಸೇರಿದ್ದು ಎಲ್ಲಿಗೆಂದರೆ, ವಿಮಾನದ ಕಾರ್ಖಾನೆಗೆ. ಅಲ್ಲಿ ಅವರ ಕೈಗೆ ಬಂದ ಕೆಲಸ ರೆಕ್ಕೆಗಳಿಗೆ ಬಟ್ಟೆ ಹೊದಿಸುವುದು. “ಹುಣಸೆಬೀಜದ ಬದಲು ಡೋಪು, ಕಂಬಳಿಯ ಬದಲು ರೆಕ್ಕೆ, ಅಷ್ಟೇ ಕಣಪ್ಪಾ” ಎಂದು ನಗುತ್ತಿದ್ದರು.

ವಿಮಾನವೆಂದರೆ ತಗಡಿನ ಹಕ್ಕಿ ಎಂದು ತಿಳಿದಿರುವ ನಮಗೆ ಬಟ್ಟೆಯ ರೆಕ್ಕೆ ವಿಚಿತ್ರವಾಗಿ ತೋರಬಹುದು. ಆದರೆ 1903ರಲ್ಲಿ ರೈಟ್ ಸಹೋದರರು ಹಾರಿದ್ದು ಮಸ್ಲಿನ್ ಬಟ್ಟೆ ಹೊದಿಸಿದ ಮರದ ರೆಕ್ಕೆಯ ಮೇಲೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಕಾರ್ಖಾನೆಯಿಂದ ಹೊರಟ ‘ಪುಷ್ಪಕ’ವೂ ಬಟ್ಟೆಯ ರೆಕ್ಕೆಯದೇ. ಇಬ್ಬರು ಕೂರುವ, 90 ಅಶ್ವಶಕ್ತಿಯ ಆ ಪುಟ್ಟ ವಿಮಾನ ಮೊದಲು ಹಾರಿದ್ದು 1958ರ ಸೆಪ್ಟೆಂಬರಿನಲ್ಲಿ. ನಾಡಿನ ಹಾರಾಟದ ಕ್ಲಬ್ಬುಗಳಲ್ಲಿ ಎಷ್ಟೋ ತರುಣರು ಅದರಲ್ಲಿ ಹಾರುವುದನ್ನು ಕಲಿತರು. ಕುಬೇರನ ವಿಮಾನದ ಹೆಸರು ಹೊತ್ತ ಯಂತ್ರಕ್ಕೆ ಬಟ್ಟೆ ತೊಡಿಸಿದ ಕೈಗಳಲ್ಲಿ ಕಂಬಳಿ ನೇಯುವವರ ಮನೆಯ ಎರಡು ಕೈಗಳೂ ಇದ್ದವೆಂಬುದು ನಮ್ಮ ಮನೆಯ ಹೆಮ್ಮೆ.

ಒಮ್ಮೆ ನಾನು, “ಬಟ್ಟೆ ಹೊದಿಸುವುದು ಬಹಳ ಕಷ್ಟದ ಕೆಲಸವೇನು ದೊಡ್ಡಪ್ಪಾ?” ಎಂದು ಕೇಳಿದೆ. “ಹೊದಿಸೋದು ಕಷ್ಟವಲ್ಲ ಕಣಪ್ಪಾ. ಹೊದಿಸೋದಕ್ಕೆ ಮುಂಚೆ ಇರೋದೇ ಕಷ್ಟ” ಎಂದರು. ಆಮೇಲೆ ಜಗಲಿಯ ಮೇಲೆ ಕಡ್ಡಿಗಳನ್ನಿಟ್ಟು ನನಗೆ ರೆಕ್ಕೆಯ ಒಡಲನ್ನು ವಿವರಿಸಿದರು.

ರೆಕ್ಕೆಯ ಉದ್ದಕ್ಕೂ ಸಾಮಾನ್ಯವಾಗಿ ಎರಡು ತೊಲೆಗಳು. ಅವಕ್ಕೆ ಅಡ್ಡಲಾಗಿ, ಮೀನಿನ ಮುಳ್ಳಿನಂತೆ, ಸಾಲುಸಾಲಾಗಿ ಪಕ್ಕೆಲುಬುಗಳು. ರೆಕ್ಕೆಗೆ ಬಾಗುವಿಕೆ ಬರುವುದು ಇವುಗಳಿಂದ. ತೊಲೆಗಳ ನಡುವಿನ ಅಂಕಣಗಳಲ್ಲಿ ಕತ್ತರಿಯಾಕಾರದಲ್ಲಿ ಬಿಗಿದ ತಂತಿಗಳು. ಬಡಗಿ ಬಾಗಿಲಿನ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಅಳೆದು ನೋಡುವಂತೆ ಪ್ರತಿಯೊಂದು ಅಂಕಣವನ್ನೂ ಅಳೆಯಬೇಕು. ಎರಡು ಅಳತೆಯೂ ಸಮವಾಗದಿದ್ದರೆ ರೆಕ್ಕೆ ಸೊಟ್ಟ. ಮರವಿದ್ದರೆ ಪ್ರತಿಯೊಂದು ಅಂಟಿನ ಬೆಸುಗೆಯನ್ನೂ ನೋಡಿ ವಾರ್ನಿಷ್ ಬಳಿಯಬೇಕು. ಮರದ ತುದಿಯಲ್ಲಿ, ಎಳೆಗಳ ಬಾಯಿ ತೆರೆದಿರುವ ಕಡೆ, ಎರಡು ಮೂರು ಸಲ ಬಳಿಯಬೇಕು. ನೀರು ಕುಡಿಯುವುದು ಅಲ್ಲಿಯೇ. ಆ ವಾರ್ನಿಷ್ ಮುಂದೆ ಬರುವ ಡೋಪಿಗೆ ಕರಗದಂಥದಾಗಿರಬೇಕು. ಲೋಹವಿದ್ದರೆ ತುಕ್ಕು ಹಿಡಿಯದ ಬಣ್ಣ. ಚೂಪಾದ ಅಂಚನ್ನೆಲ್ಲ ಅರದಿಂದಲೂ ಉಪ್ಪುಕಾಗದದಿಂದಲೂ ಮೊಂಡು ಮಾಡಿ, ತಿರುಪುಗಳ, ರಿವೆಟ್ಟುಗಳ ತಲೆಯ ಮೇಲೆ ಪಟ್ಟಿ ಅಂಟಿಸಬೇಕು. ಇಲ್ಲವಾದರೆ ಅವು ದಿನದಿನಕ್ಕೆ ಬಟ್ಟೆಯನ್ನು ತಿನ್ನುತ್ತವೆ. ಪಕ್ಕೆಲುಬುಗಳು ಅತ್ತಿತ್ತ ವಾಲದಂತೆ ಒಂದರಿಂದೊಂದಕ್ಕೆ ಪಟ್ಟಿ ಸುತ್ತಿ ಕಟ್ಟಬೇಕು. ಒಳಗೆ ಹಾಯುವ ತಂತಿ, ರಾಟೆ, ನಟ್ಟು, ಬೋಲ್ಟು ಎಲ್ಲವನ್ನೂ ಮುಟ್ಟಿ ನೋಡಬೇಕು. ಇಷ್ಟಾದ ಮೇಲೆ ಮಾಡಿದವನು ಹಿಂದೆ ಸರಿದು ನಿಲ್ಲಬೇಕು. ಬೇರೊಬ್ಬನು ಬಂದು ಮೊದಲಿನಿಂದ ನೋಡಿ ರುಜು ಹಾಕಬೇಕು. ಬಟ್ಟೆ ಬರುವುದು ಅದಾದ ಮೇಲೆ. ಹಿಂದೆ ಹತ್ತಿಯ ಇಲ್ಲವೆ ನಾರಿನ ಬಟ್ಟೆ ಹೊದಿಸಿ, ಡೋಪು ಬಳಿದು ಬಿಗಿ ಮಾಡುತ್ತಿದ್ದರು. ಈಗ ಪಾಲಿಯೆಸ್ಟರ್ ಬಟ್ಟೆ. ಇಸ್ತ್ರಿ ಪೆಟ್ಟಿಗೆಯ ಶಾಖವನ್ನು 120 ಡಿಗ್ರಿಯಿಂದ ಸುಮಾರು 175 ಡಿಗ್ರಿಯವರೆಗೆ ಹಂತಹಂತವಾಗಿ ಏರಿಸುತ್ತ ಉಜ್ಜಿದರೆ ಅದು ತಮಟೆಯ ಚರ್ಮದಂತೆ ಬಿಗಿಯಾಗುತ್ತದೆ.

ಇದಿಷ್ಟೂ ಕಾರ್ಖಾನೆಯ ಶಿಸ್ತು. ಅಲ್ಲಿ ಮೇಲಧಿಕಾರಿಯ ಭಯವುಂಟು, ಸಂಬಳವುಂಟು ಎನ್ನಬಹುದು. ಹಾಗಾದರೆ ಮನೆಯಲ್ಲಿಯೇ ವಿಮಾನ ಕಟ್ಟಿಕೊಳ್ಳುವವರನ್ನು ನೋಡೋಣ. ಅಂಥವರೂ ಲೋಕದಲ್ಲಿ ಸಾವಿರಾರು ಮಂದಿ ಇದ್ದಾರೆ. ಪಾಲ್ ಪೊಬೆರೆಜ್ನಿ ಎಂಬಾತ 1953ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಇಂಥ ಹವ್ಯಾಸಿಗಳ ಸಂಘವೊಂದನ್ನು ಕಟ್ಟಿದ. ಗುಮಾಸ್ತ, ಮೇಷ್ಟರು, ರೈತ, ಯಾರಾದರೂ ಸರಿ, ರಜದ ದಿನಗಳಲ್ಲಿ ಮನೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ದುಡಿದು ವಿಮಾನ ಕಟ್ಟಿ, ಸರ್ಕಾರದ ಒಪ್ಪಿಗೆ ಪಡೆದು ತಾವೇ ಹಾರಿಸುತ್ತಾರೆ.

ನೀತಿಶಾಸ್ತ್ರಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ದೊರೆಯುವುದು ಕಷ್ಟ. ಪ್ಲೇಟೋ ತನ್ನ ‘ರಿಪಬ್ಲಿಕ್’ನಲ್ಲಿ ಗೈಜಿಸ್ ಎಂಬವನ ಉಂಗುರದ ಕಥೆಯೊಂದನ್ನು ತರುತ್ತಾನೆ. ಆ ಉಂಗುರವನ್ನು ತಿರುಗಿಸಿದರೆ ತೊಟ್ಟವನು ಅದೃಶ್ಯನಾಗುತ್ತಾನೆ. ಯಾರೂ ನೋಡಲಾರರೆಂದು ತಿಳಿದ ಮೇಲೂ ಮನುಷ್ಯ ನ್ಯಾಯವಂತನಾಗಿ ಉಳಿಯುವನೆ ಎಂಬುದು ಅಲ್ಲಿನ ಪ್ರಶ್ನೆ. ಅಲ್ಲಿ ತಪ್ಪಿನಿಂದ ತಪ್ಪು ಮಾಡಿದವನಿಗೆ ಲಾಭ, ನಷ್ಟ ಇನ್ನೊಬ್ಬನದು. ಆದರೆ ತನ್ನ ರೆಕ್ಕೆಯನ್ನು ತಾನೇ ಕಟ್ಟುವವನಿಗೆ ಮೋಸದಿಂದ ಬರುವ ಲಾಭವೇನು? ಸಡಿಲವಾದ ಬೆಸುಗೆಯನ್ನು ಬಟ್ಟೆಯಿಂದ ಮುಚ್ಚಿದರೆ ಅದರೊಡನೆ ಬೀಳುವವನು ತಾನೇ. ಸ್ವಾರ್ಥವೂ ಧರ್ಮವೂ ಒಂದೇ ಮಾತನ್ನು ಹೇಳುತ್ತಿರುವಾಗ, ಅಂಥವನು ತಪ್ಪು ಮುಚ್ಚಲಾರನೆಂದು ನಾವು ಭಾವಿಸಬೇಕು.

ಅನುಭವ ಹೇಳುವುದು ಬೇರೆ. ಆ ಹವ್ಯಾಸಿಗಳಲ್ಲಿಯೂ ಒಂದು ವಾಡಿಕೆ ಬಲವಾಗಿ ಬೇರೂರಿದೆ: ಬಟ್ಟೆ ಹೊದಿಸುವ ಮುನ್ನ ಬಲ್ಲವನೊಬ್ಬನನ್ನು ಮನೆಗೆ ಕರೆದು, ಬರಿಯ ರೆಕ್ಕೆಯನ್ನು ಅವನ ಮುಂದಿಡಬೇಕು. ಏಕೆ? ಮೂರು ವರ್ಷ ದುಡಿದವನಿಗೆ ಕೆಲಸ ಮುಗಿಯಿತೆಂದು ಕಾಣುವ ಆತುರ ಬಂದಿರುತ್ತದೆ. ಬಟ್ಟೆ ಹೊದಿಸಿದೊಡನೆ ಅದು ಎಲುಬಿನ ಗೂಡಾಗಿರದೆ ರೆಕ್ಕೆಯಾಗಿ ಕಾಣುತ್ತದೆ. ಮನೆಯವರು, ನೆರೆಯವರು ಬಂದು ಮೆಚ್ಚುತ್ತಾರೆ. ಆ ಒಂದು ಬೆಸುಗೆಯ ಮೇಲೆ ಅನುಮಾನವಿದೆ, ನಿಜ. ಬಿಚ್ಚಿದರೆ ಇನ್ನೂ ಒಂದು ತಿಂಗಳು ಹಿಡಿಯುತ್ತದೆ. ಇಷ್ಟಕ್ಕೇನಾಗುತ್ತದೆ ಎಂದುಕೊಳ್ಳುತ್ತಾನೆ. ಇಲ್ಲಿ ದುರಾಸೆಯಿಲ್ಲ, ದುಷ್ಟತನವಿಲ್ಲ. ದಣಿವಿದೆ, ಮುಗಿಸುವ ಹಂಬಲವಿದೆ. ಪ್ಲೇಟೋವಿನ ಉಂಗುರ ನಮ್ಮನ್ನು ಇತರರ ಕಣ್ಣಿಂದ ಮರೆಮಾಡಿದರೆ, ಈ ಹಂಬಲ ನಮ್ಮ ಕೆಲಸವನ್ನು ನಮ್ಮ ಕಣ್ಣಿಂದಲೇ ಮರೆಮಾಡುತ್ತದೆ. ಇನ್ನೊಬ್ಬರಿಗೆ ಸುಳ್ಳು ಹೇಳಬೇಕಾದರೆ ಸ್ವಲ್ಪವಾದರೂ ಧೈರ್ಯ ಬೇಕು. ತನಗೆ ತಾನೇ ಹೇಳಿಕೊಳ್ಳುವುದಕ್ಕೆ ಅದೂ ಬೇಡ.

ಮುಚ್ಚಿದ ರೆಕ್ಕೆಯ ಒಳಗೆ ಏನಾಗಬಹುದೆಂಬುದಕ್ಕೆ ಚರಿತ್ರೆಯಲ್ಲೊಂದು ಕಠೋರ ನಿದರ್ಶನವಿದೆ. 1931ರ ಮಾರ್ಚ್ 31ರಂದು ಅಮೆರಿಕದ ಕಾನ್ಸಾಸ್‌ನಲ್ಲಿ ಫಾಕರ್ ವಿಮಾನವೊಂದರ ರೆಕ್ಕೆ ಆಕಾಶದಲ್ಲಿಯೇ ಮುರಿದು ಎಂಟು ಮಂದಿ ಸತ್ತರು. ಅವರಲ್ಲಿ ಹೆಸರಾಂತ ಫುಟ್‌ಬಾಲ್ ಗುರು ನ್ಯೂಟ್ ರಾಕ್ನಿಯೂ ಒಬ್ಬ. ಆ ರೆಕ್ಕೆ ಮರದ್ದು. ಹೊದಿಕೆಯೂ ತೆಳುವಾದ ಪದರಹಲಗೆಯದು. ಒಳಗೆ ಸೇರಿದ ತೇವ ಬೆಸುಗೆಯ ಅಂಟನ್ನು ಸಡಿಲಿಸಿತ್ತೆಂದು ತಿಳಿದುಬಂತು. ಹೊರಗಿನಿಂದ ನೋಡಿದವರಿಗೆ ಅದು ಕಾಣುವಂತಿರಲಿಲ್ಲ; ಒಳಗನ್ನು ನೋಡಬೇಕಾದರೆ ಹೊದಿಕೆಯನ್ನೇ ಕೀಳಬೇಕಾಗಿತ್ತು. ಪ್ರಯಾಣಿಕರ ವಿಮಾನಗಳು ಮರವನ್ನು ಬಿಟ್ಟು ಲೋಹಕ್ಕೆ ಬೇಗ ತಿರುಗಲು ಈ ದುರಂತವೂ ಒಂದು ಕಾರಣವಾಯಿತು.

ದೊಡ್ಡಪ್ಪನವರು ಹೇಳಿದ ಇನ್ನೊಂದು ಮಾತು ಇಲ್ಲಿ ನೆನಪಾಗುತ್ತದೆ. ಬಟ್ಟೆ ಬಿಗಿಯಾದಾಗ ಸಣ್ಣ ತಪ್ಪುಗಳೆಲ್ಲ ಮೇಲೆದ್ದು ಕಾಣುತ್ತವಂತೆ. ಒಂದು ಸಾಸಿವೆಯಷ್ಟು ಅಂಟಿನ ಗಂಟು, ಒಂದು ತಿರುಪಿನ ತಲೆ, ಎಲ್ಲವೂ ಬೆಳಕಿಗೆ ಉಬ್ಬಿ ತೋರುತ್ತವೆ. ಆದರೆ ಹಿಡಿಯದ ಬೆಸುಗೆ, ಬಿರುಕು ಬಿಟ್ಟ ತೊಲೆ ಮಾತ್ರ ತೋರುವುದಿಲ್ಲ. ಸಮಾಜದ ಹೊದಿಕೆಯೂ ಹೀಗೆಯೇ ಅಲ್ಲವೆ? ನಮ್ಮ ಉಡುಪಿನ ಕೊಳೆ, ಮಾತಿನ ಒರಟುತನ, ಕಾಗುಣಿತದ ತಪ್ಪು ಎಲ್ಲರಿಗೂ ಕಾಣುತ್ತವೆ. ಒಳಗಿನ ತೊಲೆ ಬಿರುಕು ಬಿಟ್ಟದ್ದು ಗಾಳಿ ಬೀಸುವ ತನಕ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ‘ಯಾರೂ ನನ್ನಲ್ಲಿ ತಪ್ಪು ಕಂಡಿಲ್ಲ’ ಎಂಬ ಸಮಾಧಾನಕ್ಕೆ ಬೆಲೆ ಕಡಮೆ.

ನಮ್ಮ ಹಿರಿಯರು ಇದಕ್ಕೆ ಅಂತಸ್ಸಾಕ್ಷಿಯನ್ನು ಪರಿಹಾರವಾಗಿ ಹೇಳಿದರು. ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳಲ್ಲಿ ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ ಎಂಬ ಮುಂಡಕೋಪನಿಷತ್ತಿನ ಚಿತ್ರ ಎಲ್ಲರಿಗೂ ಗೊತ್ತು. ಆ ನೋಡುವ ಹಕ್ಕಿ ಇರುವುದು ನಿಜವೇ ಇರಬೇಕು. ಆದರೆ ನಮ್ಮಂಥ ಸಾಮಾನ್ಯರಲ್ಲಿ ಅದರ ದನಿ ಬಹಳ ಕ್ಷೀಣ. ತಿನ್ನುವ ಹಕ್ಕಿಯ ಗದ್ದಲದಲ್ಲಿ ಅದು ಕೇಳಿಸುವುದಿಲ್ಲ. ರೆಕ್ಕೆ ಕಟ್ಟುವವರು ಕಂಡುಕೊಂಡ ಉಪಾಯ ವಿನಯದ್ದು: ಒಳಗಿನ ಸಾಕ್ಷಿ ತೂಕಡಿಸಬಹುದೆಂದು ಒಪ್ಪಿಕೊಂಡು ಹೊರಗಿನ ಸಾಕ್ಷಿಯೊಬ್ಬನನ್ನು ಕರೆಯುವುದು, ಅದನ್ನೂ ಇನ್ನೂ ಬಿಚ್ಚಿ ಸರಿಪಡಿಸಲು ಕಾಲವಿರುವಾಗಲೇ ಮಾಡುವುದು.

ಇಷ್ಟೆಲ್ಲ ಬರೆಯುತ್ತಿರುವ ನಾನು ಏನು ಮಾಡಿದೆನೆಂಬುದನ್ನೂ ಹೇಳದಿದ್ದರೆ ಈ ಬರಹವೇ ಒಂದು ಹೊದಿಕೆಯಾದೀತು. ಹಲವು ವರ್ಷಗಳ ಹಿಂದೆ ಪಾವಗಡ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ತಂದೆ ತಾಯಿ ಬೆಂಗಳೂರಿನಲ್ಲಿ ಕೂಲಿಗಿದ್ದರು. ಹುಡುಗ ಸಭ್ಯ, ಶ್ರದ್ಧಾವಂತ. ಆದರೆ ಸ್ವಂತವಾಗಿ ಒಂದು ಪುಟ ಕನ್ನಡ ಬರೆಯಲು ಅವನಿಗೆ ಬರುತ್ತಿರಲಿಲ್ಲ. ಅವನು ತಂದುಕೊಟ್ಟ ಪ್ರಬಂಧ ಬೇರೆಯವರಿಂದ ನಕಲು ಮಾಡಿದ್ದೆಂದು ನನಗೆ ಮೊದಲ ಪುಟದಲ್ಲಿಯೇ ತಿಳಿಯಿತು. ವರ್ಷದ ಕೊನೆ, ಪಟ್ಟಿ ಕಳುಹಿಸುವ ಅವಸರ, ಪಾಪ, ಬಡವರ ಹುಡುಗ ಎಂಬ ಕನಿಕರ. ಆಂತರಿಕ ಅಂಕಗಳನ್ನು ಧಾರಾಳವಾಗಿ ಕೊಟ್ಟು ಮುಗಿಸಿದೆ. ಅದನ್ನು ದಯೆಯೆಂದೇ ಬಗೆದಿದ್ದೆ.

ಕೆಲವು ವರ್ಷಗಳ ಮೇಲೆ ಮಧುಗಿರಿಯ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕಿದ. ಪದವಿಯಾಗಿತ್ತು, ಬಿ.ಎಡ್. ಆಗಿತ್ತು, ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಮೂರು ಸಲ ಸೋತಿದ್ದ. ಕಾಲು ಮುಟ್ಟಿ ನಮಸ್ಕರಿಸಿದ. ಅದೂ ಇದೂ ಮಾತಾಡಿ, ಬಸ್ಸು ಬಂದಾಗ, “ಸಾರ್, ನನಗೆ ಬರೆಯೋಕೆ ಬರಲ್ಲ ಅಂತ ನಿಮಗೆ ಆಗಲೇ ಗೊತ್ತಿತ್ತಲ್ವಾ ಸಾರ್?” ಎಂದ. ದನಿಯಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದ. ನಾನು ಉತ್ತರ ಹೇಳುವಷ್ಟರಲ್ಲಿ ಬಸ್ಸು ಹೊರಟಿತು ಎಂದು ಬರೆಯಬಹುದಾಗಿತ್ತು. ಬಸ್ಸು ಇನ್ನೂ ಐದು ನಿಮಿಷ ನಿಂತಿತ್ತು. ನಾನು ಉತ್ತರ ಹೇಳಲಿಲ್ಲ.

ಅಂದು ಮನೆಗೆ ನಡೆದುಬರುವಾಗ ಎದುರಿಗೆ ಮಧುಗಿರಿಯ ಬೆಟ್ಟವಿತ್ತು. ಒಂದೇ ಬಂಡೆ, ಅದಕ್ಕೆ ಒಳಗೊಂದು ಹೊರಗೊಂದಿಲ್ಲ, ಹೊದಿಕೆಯ ಅಗತ್ಯವೂ ಇಲ್ಲ. ಆದರೆ ಬಂಡೆ ಹಾರುವುದಿಲ್ಲ. ಹಾರಬೇಕಾದುದು ಹಗುರವಾಗಿರಬೇಕು, ಹಗುರವಾದದ್ದು ಒಳಗೆ ಟೊಳ್ಳಾಗಿರಬೇಕು, ಟೊಳ್ಳಾದುದನ್ನು ಮುಚ್ಚಲೇಬೇಕು. ಹೊದಿಕೆ ಪಾಪವಲ್ಲ. ಪದವಿ, ಪ್ರಮಾಣಪತ್ರ, ಒಳ್ಳೆಯ ಮಾತು ಎಲ್ಲವೂ ಬೇಕಾದವೇ. ಅವುಗಳನ್ನು ಹೊದಿಸುವುದಕ್ಕೆ ಮುಂಚಿನ ಗಳಿಗೆಯಲ್ಲಿ ನೋಡಬಲ್ಲವನು ನೋಡಿದನೆ, ಕಂಡದ್ದನ್ನು ಹೇಳಿದನೆ ಎಂಬುದೇ ಪ್ರಶ್ನೆ. ಮನೆಯಲ್ಲಿ ವಿಮಾನ ಕಟ್ಟುವವನು ತನ್ನ ತಪ್ಪಿನೊಡನೆ ತಾನೇ ಹಾರುತ್ತಾನೆ. ಮೇಷ್ಟರಾದ ನನಗೆ ಆ ಅಪಾಯವಿಲ್ಲ. ಕಟ್ಟುವವನು ನಾನು, ಹಾರುವವನು ಪಾವಗಡದ ಹುಡುಗ. ಹೀಗಾಗಿ ನನ್ನ ಹೊಣೆ ಅವನದಕ್ಕಿಂತ ದೊಡ್ಡದು. ನಾನು ಅದನ್ನು ಚಿಕ್ಕದೆಂದು ತಿಳಿದಿದ್ದೆ.

ಈಗ ವಿಮಾನದ ಕೆಲಸ ನಮ್ಮ ಜಿಲ್ಲೆಗೇ ಬಂದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಹೊದಿಕೆಯ ವಸ್ತು ಬದಲಾಗಿದೆ; ಮುಚ್ಚುವ ಮುನ್ನ ನೋಡಬೇಕೆಂಬ ನಿಯಮ ಬದಲಾಗಿಲ್ಲ. ದೊಡ್ಡಪ್ಪನವರು ಹೇಳಿದ್ದ ಇನ್ನೊಂದು ವಿವರವನ್ನು ಹೇಳಿ ಮುಗಿಸುತ್ತೇನೆ. ಬಟ್ಟೆ ಹೊದಿಸಿ ಮುಗಿದ ಮೇಲೂ ರೆಕ್ಕೆಯ ಕೆಳಮೈಯಲ್ಲಿ ಅಲ್ಲಲ್ಲಿ ದುಂಡಗೆ ಬಳೆಗಳನ್ನು ಅಂಟಿಸಿ, ಬೇಕೆಂದಾಗ ತೆರೆದು ಒಳಗೆ ನೋಡಲು ಕಿಂಡಿ ಬಿಡುತ್ತಾರೆ. ಹಿಂದಿನ ಅಂಚಿನಲ್ಲಿ, ಸೇರಿದ ನೀರು ಹರಿದುಹೋಗಲು, ಸಣ್ಣ ತೂತುಗಳನ್ನು ಬಿಡುತ್ತಾರೆ. ತಮ್ಮ ಕೆಲಸವೂ ಕೆಡಬಹುದೆಂದು ಬಲ್ಲವರು ಮಾತ್ರ ಹೀಗೆ ಮಾಡುತ್ತಾರೆ.

ಈ ವರ್ಷದಿಂದ ಪ್ರಬಂಧಗಳ ಕಟ್ಟು ಬಂದಾಗ ಹುಡುಗರನ್ನು ಒಬ್ಬೊಬ್ಬರಾಗಿ ಎದುರಿಗೆ ಕೂರಿಸಿಕೊಂಡು, ನನ್ನ ಕಣ್ಣೆದುರೇ ಅರ್ಧ ಪುಟ ಬರೆಯಿಸುತ್ತಿದ್ದೇನೆ. ಕೆಲಸ ನಿಧಾನವಾಗುತ್ತದೆ, ಪಟ್ಟಿ ತಡವಾಗುತ್ತದೆ. ಪಾವಗಡದ ಆ ಹುಡುಗನಿಗೂ ಕಾಗದ ಬರೆದಿದ್ದೇನೆ. ‘ಹೌದು, ಗೊತ್ತಿತ್ತು; ಭಾನುವಾರಗಳಂದು ಬಾ’ ಎಂದು.