‘ಮಯೂರ’ ಚಿತ್ರದ ಕೀರ್ತಿ ಮತ್ತು ಶ್ರಾವಕನ ಅನುಮೋದನೆ

ಹಿಂಸೆಗೆ ಮೂರು ದ್ವಾರಗಳಿವೆಯೆಂದು ಜೈನಾಚಾರ್ಯರು ಹೇಳಿದ್ದಾರೆ. ತಾನೇ ಮಾಡುವುದು ಕೃತ, ಪರರಿಂದ ಮಾಡಿಸುವುದು ಕಾರಿತ, ಪರರು ಮಾಡಿದುದನ್ನು ಮೆಚ್ಚುವುದು ಅನುಮೋದನೆ. ಮೊದಲಿನ ಎರಡನ್ನು ಶ್ರಾವಕನು ಸುಲಭವಾಗಿ ಗುರುತಿಸುತ್ತಾನೆ. ಮೂರನೆಯದು ಅಷ್ಟು ಬೇಗನೆ ಅರಿವಿಗೆ ಬರುವುದಿಲ್ಲ. ಅಲ್ಲಿ ಕೈ ಕತ್ತಿಯನ್ನು ಹಿಡಿದಿರುವುದಿಲ್ಲ, ಬಾಯಿ ಆಜ್ಞೆಯನ್ನು ಕೊಟ್ಟಿರುವುದಿಲ್ಲ, ಮನಸ್ಸು ಮಾತ್ರ ಹಿಗ್ಗಿರುತ್ತದೆ. ಯುದ್ಧದ ಚಲನಚಿತ್ರವನ್ನು ನೋಡುತ್ತ ಕುಳಿತವನ ಸ್ಥಿತಿ ಇದೇ ಆಗಿದೆ. ಆದುದರಿಂದ ಪ್ರಸಿದ್ಧವಾದ ಯುದ್ಧಚಿತ್ರವೊಂದು ತನ್ನ ಕೀರ್ತಿಗೆ ತಕ್ಕುದಾಗಿದೆಯೇ ಎಂಬುದು ಕಲಾರಸಿಕರ ಪ್ರಶ್ನೆಯಷ್ಟೇ ಆಗಿರದೆ ಶ್ರಾವಕಾಚಾರದ ಪ್ರಶ್ನೆಯೂ ಆಗುತ್ತದೆ.

ಕನ್ನಡದಲ್ಲಿ ಇಂತಹ ವಿಚಾರಕ್ಕೆ ಯೋಗ್ಯವಾದ ಚಿತ್ರ ‘ಮಯೂರ’. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿ, ವಿಜಯ್ ಅವರ ನಿರ್ದೇಶನದಲ್ಲಿ, ಡಾ. ರಾಜಕುಮಾರ್ ಅವರ ನಾಯಕತ್ವದಲ್ಲಿ 1975ರಲ್ಲಿ ತೆರೆಕಂಡ ಈ ಚಿತ್ರ ಕದಂಬ ರಾಜ್ಯದ ಸ್ಥಾಪನೆಯ ಕಥೆಯನ್ನು ಹೇಳುತ್ತದೆ. ಉತ್ತರ ಕನ್ನಡ ಜಿಲ್ಲೆಯವರಿಗೆ ಇದು ದೂರದ ಕಥೆಯಲ್ಲ. ಕುಮಟಾದಿಂದ ಹೊರಟು, ಕತಗಾಲವನ್ನು ದಾಟಿ, ದೇವಿಮನೆ ಘಟ್ಟವನ್ನು ಏರಿದರೆ ಶಿರಸಿ. ಅಲ್ಲಿಂದ ಕೆಲವೇ ಹರಿದಾರಿಯಲ್ಲಿ ವರದಾ ತೀರದ ಬನವಾಸಿ. ಈ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಏಕೀಕೃತ ನಾಡಿಗೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಾದ ಎರಡೇ ವರ್ಷಗಳಲ್ಲಿ, ಕನ್ನಡ ನೆಲದ ಮೊದಲ ಸ್ವತಂತ್ರ ಅರಸುಮನೆಯ ಮೂಲಪುರುಷನನ್ನು ಜನರು ತೆರೆಯ ಮೇಲೆ ಕಂಡರು. ಚಿತ್ರದ ಕೀರ್ತಿಯಲ್ಲಿ ಈ ಕಾಲಧರ್ಮದ ಪಾಲೂ ಇದೆಯೆಂಬುದನ್ನು ಮರೆಯಬಾರದು.

ಕೀರ್ತಿಯನ್ನು ಅಳೆಯುವ ಮೊದಲು ಅಳತೆಗೋಲು ಯಾವುದೆಂದು ನಿಶ್ಚಯವಾಗಬೇಕು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ, ಅದಕ್ಕೆ ಕಾರಣವಾದ ಪ್ರಮಾದವನ್ನು ಮುಂದಿಟ್ಟಿದ್ದಾರೆ. ಇದರಿಂದಲೇ ದ್ರವ್ಯಹಿಂಸೆ, ಭಾವಹಿಂಸೆಗಳ ವಿವೇಚನೆ ಬೆಳೆಯಿತು. ಚಲನಚಿತ್ರದ ಯುದ್ಧದಲ್ಲಿ ಕತ್ತಿ ಸುಳ್ಳು, ರಕ್ತ ಸುಳ್ಳು, ಸತ್ತವನು ಸಂಜೆಗೆ ಎದ್ದು ಮನೆಗೆ ಹೋಗುತ್ತಾನೆ. ಅಲ್ಲಿ ನಿಜವಾಗಿರುವುದು ಒಂದೇ, ನೋಡುವವನ ಭಾವ. ಆದುದರಿಂದ ಜೈನದೃಷ್ಟಿಯಲ್ಲಿ ಯುದ್ಧಚಿತ್ರದ ಪರೀಕ್ಷೆಯೆಂದರೆ ಅದು ನೋಡುವವನ ಭಾವವನ್ನು ಎಲ್ಲಿಗೆ ಒಯ್ದು ನಿಲ್ಲಿಸುತ್ತದೆ ಎಂಬುದರ ಪರೀಕ್ಷೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ ದುಃಶ್ರುತಿಯನ್ನು ಸೇರಿಸಿದ್ದು ಇದೇ ಕಾರಣಕ್ಕೆ. ದ್ವೇಷವನ್ನೂ ಮದವನ್ನೂ ಕೆರಳಿಸಿ ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದೂ ಪ್ರಯೋಜನವಿಲ್ಲದ ಪಾಪವೆಂದು ಅವರ ಅಭಿಪ್ರಾಯ. ಹಿಂಸೆಯಲ್ಲಿ ಆನಂದಪಡುವ ಮನಸ್ಸಿಗೆ ಶಾಸ್ತ್ರಕಾರರು ಇಟ್ಟ ಹೆಸರು ಹಿಂಸಾನಂದಿ ರೌದ್ರಧ್ಯಾನ.

ಹಾಗೆಂದು ಯುದ್ಧದ ಕಥೆಯೇ ನಿಷಿದ್ಧವೆಂದು ಹೇಳಲು ಬರುವುದಿಲ್ಲ. ಹಾಗೆ ಹೇಳಿದರೆ ಕನ್ನಡದ ಜೈನ ಕವಿಗಳನ್ನೇ ಹೊರಗಿಡಬೇಕಾದೀತು. ಪಂಪನು ಆದಿಪುರಾಣವನ್ನೂ ಬರೆದನು, ಭಾರತಯುದ್ಧದ ಕಥೆಯಾದ ವಿಕ್ರಮಾರ್ಜುನ ವಿಜಯವನ್ನೂ ಬರೆದನು. ರನ್ನನು ಅಜಿತಪುರಾಣದ ಜೊತೆಗೆ ಗದಾಯುದ್ಧವನ್ನು ಕೊಟ್ಟನು. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದನು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದೂ, ದೇಶ, ಧರ್ಮ, ಕುಟುಂಬಗಳ ರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧೀ ಹಿಂಸೆ ಅಣುವ್ರತಿಗೆ ವ್ರತಭಂಗವಲ್ಲವೆಂದೂ ಒಪ್ಪಲಾಗಿದೆ. ಆದರೆ ಅನಿವಾರ್ಯತೆ ಬೇರೆ, ಆನಂದ ಬೇರೆ. ಕತ್ತಿಯನ್ನು ಹಿಡಿಯಲು ಗೃಹಸ್ಥನಿಗೆ ಅವಕಾಶವುಂಟು. ಅದರಲ್ಲಿ ರುಚಿಯನ್ನು ಕಾಣಲು ಅವಕಾಶವಿಲ್ಲ.

ಈಗ ಚಿತ್ರವನ್ನು ಅದರ ಮೂಲದ ಪಕ್ಕದಲ್ಲಿಟ್ಟು ನೋಡಬಹುದು. ಮಯೂರಶರ್ಮನ ವೃತ್ತಾಂತಕ್ಕೆ ಮುಖ್ಯ ಆಧಾರ ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭಶಾಸನ. ಅವನ ಕಾಲಕ್ಕಿಂತ ಸುಮಾರು ನೂರು ವರ್ಷಗಳ ಬಳಿಕ, ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಅದನ್ನು ಸಂಸ್ಕೃತದಲ್ಲಿ ರಚಿಸಿದನು. ಅದರ ಪ್ರಕಾರ ಮಯೂರಶರ್ಮನು ವೇದಾಧ್ಯಯನ ನಿರತವಾದ ಬ್ರಾಹ್ಮಣ ಕುಲದವನು. ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದವನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಕಲಹವಾಗಿ ಅವಮಾನಿತನಾದನು. ದರ್ಭೆ, ಸಮಿತ್ತುಗಳನ್ನು ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿಯನ್ನು ಹಿಡಿದನು. ಗಡಿಗಾವಲಿನವರನ್ನು ಸೋಲಿಸಿ, ಶ್ರೀಪರ್ವತದ ಅರಣ್ಯಗಳಲ್ಲಿ ನೆಲೆಗೊಂಡು, ಬಾಣರಿಂದ ಕಪ್ಪವನ್ನು ಪಡೆದನು. ಕೊನೆಗೆ ಪಲ್ಲವರು ಅವನ ಪರಾಕ್ರಮವನ್ನೂ ಕುಲವನ್ನೂ ನೋಡಿ, ಅವನನ್ನು ನಾಶಮಾಡುವುದರಲ್ಲಿ ಹಿತವಿಲ್ಲವೆಂದು ತಿಳಿದು, ಮಿತ್ರನನ್ನಾಗಿ ಆರಿಸಿಕೊಂಡರು. ಅವನು ಅವರ ಸೇವೆಯಲ್ಲಿ ನಿಂತು, ಪಟ್ಟಬಂಧದ ಗೌರವವನ್ನೂ ಪಶ್ಚಿಮ ಸಮುದ್ರದವರೆಗಿನ ನಾಡನ್ನೂ ಪಡೆದನು.

ಶಾಸನವೂ ವಂಶಪ್ರಶಸ್ತಿಯೇ. ಆದರೂ ಅದರಲ್ಲಿ ಎರಡು ಕಠಿಣ ಸತ್ಯಗಳು ಉಳಿದುಕೊಂಡಿವೆ. ವಿದ್ಯಾರ್ಥಿಯೊಬ್ಬನು ಶಸ್ತ್ರ ಹಿಡಿದದ್ದು ಕ್ರೋಧ, ಮಾನಗಳೆಂಬ ಕಷಾಯಗಳಿಂದ ಎಂಬುದು ಒಂದು. ರಾಜ್ಯ ಹುಟ್ಟಿದ್ದು ಶತ್ರುವಿನ ಸರ್ವನಾಶದಿಂದಲ್ಲ, ಎರಡೂ ಪಕ್ಷಗಳು ಮಾನವನ್ನು ಸ್ವಲ್ಪ ಸ್ವಲ್ಪ ಇಳಿಸಿ ಮಾಡಿಕೊಂಡ ಒಡಂಬಡಿಕೆಯಿಂದ ಎಂಬುದು ಇನ್ನೊಂದು.

ಚಿತ್ರವು ಮೊದಲನೆಯ ಸತ್ಯವನ್ನು ಮೃದುಗೊಳಿಸಿದೆ. ಅಲ್ಲಿ ನಾಯಕನು ಬ್ರಾಹ್ಮಣ ಯುವಕನಾಗಿ ಬೆಳೆದಿದ್ದರೂ ಹುಟ್ಟಿನಿಂದ ಕದಂಬ ರಾಜಕುಮಾರ. ಪಲ್ಲವರು ಅವನ ವಂಶದ ರಾಜ್ಯವನ್ನು ಕಿತ್ತುಕೊಂಡವರು. ಈ ಒಂದು ಬದಲಾವಣೆಯಿಂದ ಅವನ ಕೋಪವು ಕರ್ತವ್ಯವಾಗುತ್ತದೆ, ಸೇಡು ಹಕ್ಕಾಗುತ್ತದೆ. ಪ್ರೇಕ್ಷಕನಿಗೆ ಯಾವ ಸಂದೇಹವೂ ಉಳಿಯುವುದಿಲ್ಲ, ಮತ್ತು ಸಂದೇಹವಿಲ್ಲದೆಡೆಯಲ್ಲಿ ಅನುಮೋದನೆ ಬಹಳ ಸುಲಭ. ಅವಮಾನಿತನಾದ ವಿದ್ಯಾರ್ಥಿಯು ಕತ್ತಿ ಹಿಡಿದದ್ದು ಸರಿಯೇ ಎಂದು ಶಾಸನವನ್ನು ಓದಿದವನು ಯೋಚಿಸಬೇಕಾಗುತ್ತದೆ. ಚಿತ್ರವನ್ನು ನೋಡಿದವನಿಗೆ ಆ ಯೋಚನೆಯ ಶ್ರಮವಿಲ್ಲ.

ಆದರೆ ಚಿತ್ರದ ಲೆಕ್ಕದಲ್ಲಿ ಜಮಾ ಕಡೆಯೂ ಸಾಕಷ್ಟಿದೆ. ಡಾ. ರಾಜಕುಮಾರ್ ಅವರ ಮಯೂರನಲ್ಲಿ ಗಾಂಭೀರ್ಯವಿದೆ, ಕನ್ನಡದ ಶುದ್ಧವಾದ ಉಚ್ಚಾರವಿದೆ. ಹಿಂದಿನ ಐತಿಹಾಸಿಕ ಪಾತ್ರಗಳಾದ ಇಮ್ಮಡಿ ಪುಲಿಕೇಶಿ (1967), ಶ್ರೀಕೃಷ್ಣದೇವರಾಯರಿಂದ (1970) ಪಳಗಿದ ಅಭಿನಯ ಇಲ್ಲಿ ಪಕ್ವವಾಗಿದೆ. ಜಿ. ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ರಾಜಕುಮಾರ್ ಅವರೇ ಹಾಡಿರುವ ಚಿತ್ರದ ಅತಿ ಪ್ರಸಿದ್ಧವಾದ ಹಾಡು ಶತ್ರುವನ್ನು ಕೊಲ್ಲುವ ಹಾಡಲ್ಲ. ಅರಸನು ಪ್ರಜೆಗಳಿಗಾಗಿ ಇರುವವನೆಂಬ ಭಾವದ ಹಾಡು. ರಾಜ್ಯವು ಭೋಗದ ವಸ್ತುವಲ್ಲ, ಪಾಲಿಸಬೇಕಾದ ನ್ಯಾಸವೆಂಬ ಈ ಮಾತು ಪರಿಗ್ರಹ ಪರಿಮಾಣ ವ್ರತಕ್ಕೆ ದೂರವಾದುದಲ್ಲ. ಬಸದಿಗಳ ಆಡಳಿತವನ್ನು ನೋಡುವ ಧರ್ಮದರ್ಶಿಗಳಿಗೂ ಅದು ಸಲ್ಲುತ್ತದೆ. ಯುದ್ಧಚಿತ್ರವೊಂದರಿಂದ ಐವತ್ತು ವರ್ಷಗಳ ಬಳಿಕವೂ ಜನರ ಬಾಯಲ್ಲಿ ಉಳಿದದ್ದು ಇಂತಹ ಹಾಡು ಎಂಬುದು ಆ ಚಿತ್ರದ ಪುಣ್ಯವೇ ಸರಿ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಚಿತ್ರವೆಂದರೆ ಮನೋರಂಜನೆ; ಕನ್ನಡಿಗರಲ್ಲಿ ಸ್ವಾಭಿಮಾನವನ್ನು ಮೂಡಿಸಿದ ಕೃತಿಯನ್ನು ವ್ರತಗಳ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಲ್ಲವೇ? ಸ್ವಾಭಿಮಾನ ದೋಷವಲ್ಲ. ಆದರೆ ಸ್ವಾಭಿಮಾನಕ್ಕೂ ಮಾನಕಷಾಯಕ್ಕೂ ನಡುವಿನ ಗೆರೆ ಬಹಳ ಸಣ್ಣದು; ತನ್ನ ಘನತೆಯನ್ನು ಅರಿಯುವುದು ಒಂದು, ಅದನ್ನು ಅರಿಯಲು ಪರರ ಪತನವನ್ನು ನೋಡಬೇಕಾಗುವುದು ಇನ್ನೊಂದು. ‘ಮಯೂರ’ ಕೆಲವೆಡೆ ಈ ಗೆರೆಯ ಈಚೆಗಿದೆ, ಕೆಲವೆಡೆ ಆಚೆಗೆ ಹೋಗಿದೆ. ಕತ್ತಿಗೆ ಬಲಿಯಾದ ಕಾಲಾಳಿಗೂ ತಾಯಿಯಿದ್ದಳೆಂಬುದನ್ನು ಸಾಹಸದ ದೃಶ್ಯಗಳು ನೆನಪಿಸುವುದಿಲ್ಲ. ಈ ನಾಡಿನ ಕಲ್ಲುಗಳು ಅಷ್ಟು ಮರೆಗುಳಿಗಳಲ್ಲ. ಕಾಳಗದಲ್ಲಿ ಮಡಿದವನಿಗೆ ವೀರಗಲ್ಲು, ಸಲ್ಲೇಖನದಿಂದ ದೇಹವನ್ನು ಬಿಟ್ಟವನಿಗೆ ನಿಷಿಧಿಗಲ್ಲು. ಎರಡು ಬಗೆಯ ಮರಣಗಳನ್ನೂ ಕರ್ನಾಟಕವು ಒಂದೇ ನೆಲದಲ್ಲಿ ನೆನೆದಿದೆ.

ಯುದ್ಧಕಥೆಯ ಶ್ರೇಷ್ಠ ಮಾದರಿ ಜೈನರಿಗೆ ಆದಿಪುರಾಣದಲ್ಲಿಯೇ ಇದೆ. ಭರತ ಬಾಹುಬಲಿಗಳ ಸೇನೆಗಳು ಎದುರಾದಾಗ ಮಂತ್ರಿಗಳು ಅಡ್ಡಬಂದು, ಸೈನಿಕರ ಪ್ರಾಣಹಾನಿ ಬೇಡವೆಂದು, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಮೂರರಲ್ಲಿಯೂ ಗೆದ್ದವನು ಬಾಹುಬಲಿ. ಅವನ ವೈರಾಗ್ಯ ಹುಟ್ಟಿದ್ದು ಸೋಲಿನಲ್ಲಲ್ಲ, ಆ ಗೆಲುವಿನ ಕ್ಷಣದಲ್ಲಿ. ಕೇಳುಗನ ಉತ್ಸಾಹವನ್ನು ತುದಿಗೆ ಏರಿಸಿ, ಅಲ್ಲಿಯೇ ಅದನ್ನು ನಾಚಿಕೆಗೂ ಕರುಣೆಗೂ ತಿರುಗಿಸುವುದು ಆ ಕಥೆಯ ಶಕ್ತಿ. ಈ ಮಟ್ಟವನ್ನು ‘ಮಯೂರ’ ಮುಟ್ಟುವುದಿಲ್ಲ. ಮುಟ್ಟಲು ಹೊರಟದ್ದೂ ಅಲ್ಲ. ರಾಜಧರ್ಮದ ಚಿತ್ರವಾಗಿ ಅದು ತನ್ನ ಕೀರ್ತಿಗೆ ಅರ್ಹವಾಗಿದೆ. ಯುದ್ಧದ ಬಗೆಗಿನ ಚಿತ್ರವಾಗಿ, ಅದು ತನ್ನ ಮೂಲವಾದ ಶಾಸನಕ್ಕಿಂತಲೂ ಕಡಿಮೆ ಹೇಳುತ್ತದೆ.

ಕದಂಬರ ಮುಂದಿನ ಚರಿತ್ರೆಯೂ ಇದನ್ನೇ ಸೂಚಿಸುತ್ತದೆ. ಕಾಕುಸ್ಥವರ್ಮನು ತನ್ನನ್ನು ಕಾಪಾಡಿದ ಜೈನ ಸೇನಾಪತಿ ಶ್ರುತಕೀರ್ತಿಗೆ ಭೂಮಿಯನ್ನು ಕೊಟ್ಟನು. ಮೃಗೇಶವರ್ಮನು ಹಲಸಿಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ ದಾನವಿತ್ತನು. ದೇವಗಿರಿಯ ತಾಮ್ರಪಟದಲ್ಲಿ ಶ್ವೇತಪಟ, ನಿರ್ಗ್ರಂಥ ಸಂಘಗಳೆರಡಕ್ಕೂ ಪಾಲು ಕೊಟ್ಟನು. ವೈದಿಕ ಕುಲದ ಅರಸರು ಜಿನಧರ್ಮಕ್ಕೆ ನೀಡಿದ ಈ ಆಶ್ರಯ ಸಂಧಿಯಿಂದ ದೊರೆತ ಶಾಂತಿಯ ಫಲ. ಅದರ ಮೇಲೆ ಇನ್ನೂ ಯಾರೂ ಚಿತ್ರ ತೆಗೆದಿಲ್ಲವಾದರೂ ತಾಮ್ರಪಟಗಳು ಉಳಿದಿವೆ.

ದಶಲಕ್ಷಣ ಪರ್ವದ ದಿನಗಳಲ್ಲಿ ಮಕ್ಕಳಿಗೆ ಇಂತಹ ಚಿತ್ರವನ್ನು ತೋರಿಸಬಹುದೇ ಎಂಬ ಪ್ರಶ್ನೆ ಬಸದಿಯ ಸಮಿತಿಗಳಲ್ಲಿಯೂ ಮನೆಗಳಲ್ಲಿಯೂ ಬರುವುದು ಸಹಜ. ವ್ರತದ ಆ ಹತ್ತು ದಿನಗಳಲ್ಲಿ ಬೇಡ; ಉಳಿದ ದಿನಗಳಲ್ಲಿ ತೋರಿಸುವುದರಲ್ಲಿ ಬಾಧೆಯಿಲ್ಲ. ತಡೆದರೂ ಮೊಬೈಲಿನಲ್ಲಿ ಇದಕ್ಕಿಂತ ಎಷ್ಟೋ ಕ್ರೂರವಾದುದನ್ನು ಅವರು ಒಬ್ಬರೇ ಕುಳಿತು ನೋಡುತ್ತಾರೆ. ಹಿರಿಯರೊಡನೆ ಕುಳಿತು ನೋಡುವುದು ಮೇಲು. ತೋರಿಸುವ ಮೊದಲು ತಾಳಗುಂದದ ಶಾಸನ ಹೇಳುವ ವೃತ್ತಾಂತವನ್ನು ಮಕ್ಕಳಿಗೆ ತಿಳಿಸಬೇಕು. ಮುಗಿದ ಮೇಲೆ, ಯಾವ ದೃಶ್ಯದಲ್ಲಿ ಚಪ್ಪಾಳೆ ತಟ್ಟಬೇಕೆನಿಸಿತು, ಆ ಕ್ಷಣದಲ್ಲಿ ತೆರೆಯ ಮೇಲೆ ಯಾರಿಗೆ ಏನಾಗುತ್ತಿತ್ತು ಎಂದು ಕೇಳಬೇಕು. ಪ್ರತಿಕ್ರಮಣದಲ್ಲಿ ಕೃತ, ಕಾರಿತಗಳ ಜೊತೆಗೆ ಅನುಮೋದನೆಯ ಹೆಸರನ್ನೂ ಶ್ರಾವಕರು ಉಚ್ಚರಿಸುತ್ತಾರೆ. ಆ ಮಾತಿನ ಅರ್ಥವೇನೆಂಬುದನ್ನು ಮಗುವಿಗೆ ತಿಳಿಸಲು ಇದಕ್ಕಿಂತ ಸುಲಭವಾದ ಪಾಠ ದೊರೆಯುವುದು ಕಷ್ಟ. ಹಿರಿಯರೂ ಅದೇ ಪ್ರಶ್ನೆಗೆ ಮಕ್ಕಳ ಎದುರಿನಲ್ಲಿಯೇ ಉತ್ತರ ಕೊಡುವುದು ಉಚಿತ.